ರೋಮನರ ಹೊನ್ನಿನ ನಾಣ್ಯಗಳು

ಸುಮಾರು ಎರಡು ಸೆಂಟಿಮೀಟರು ಅಗಲದ ಒಂದು ಹೊನ್ನಿನ ನಾಣ್ಯ. ಅದರ ಒಂದು ಬದಿಯಲ್ಲಿ ತರುಣನೊಬ್ಬನ ಮುಖ. ಇನ್ನೊಂದು ಬದಿಯಲ್ಲಿ ಒಂದು ಮೊಸಳೆ. ಮೊಸಳೆಯ ಮೇಲೊಂದು, ಕೆಳಗೊಂದು, ಹೀಗೆ ಎರಡೇ ಮಾತುಗಳು. ‘ಈಜಿಪ್ಟು ವಶವಾಯಿತು’ ಎಂಬುದು ಅವುಗಳ ಅರ್ಥ. ಕ್ರಿ. ಪೂ. ೩೦ರಲ್ಲಿ ರಾಣಿ ಕ್ಲಿಯೋಪಾತ್ರಳು ಮಡಿದಳು. ನೈಲ್ ನದಿಯ ಸಮೃದ್ಧವಾದ ನಾಡು ರೋಮನರ ಕೈಸೇರಿತು. ಮೂರು ವರ್ಷ ಕಳೆಯುವುದರೊಳಗೆ ಈ ನಾಣ್ಯ ಟಂಕಸಾಲೆಯಿಂದ ಹೊರಬಿದ್ದಿತು. ಅದರ ಮೇಲಿನ ಮುಖ, ಆಗಸ್ಟಸ್ ಎಂಬ ಹೆಸರಿನಿಂದ ರೋಮಿನ ಮೊದಲನೆಯ ಚಕ್ರವರ್ತಿಯಾದ ಆಕ್ಟೇವಿಯನನದು.

ಆ ಕಾಲದಲ್ಲಿ ಅಚ್ಚುಕೂಟವಿರಲಿಲ್ಲ, ಬಾನುಲಿಯಿರಲಿಲ್ಲ, ಮನೆಮನೆಗೆ ಬರುವ ವೃತ್ತಪತ್ರಿಕೆಯಿರಲಿಲ್ಲ. ರೋಮನರ ರಾಜ್ಯವಾದರೋ ಅಟ್ಲಾಂಟಿಕ್ ಸಾಗರದ ದಡದಿಂದ ಸಿರಿಯದ ಮರುಭೂಮಿಯವರೆಗೆ ಹರಡಿತ್ತು. ಇಷ್ಟು ವಿಸ್ತಾರವಾದ ನಾಡಿನಲ್ಲಿ ದೊರೆಯ ಮುಖವನ್ನು ಪ್ರಜೆಗಳು ಕಾಣುವುದೆಂತು? ಊರೂರಿನಲ್ಲಿ ಪ್ರತಿಮೆಗಳನ್ನು ನಿಲ್ಲಿಸಬಹುದಾಗಿತ್ತು, ನಿಲ್ಲಿಸಿದ್ದೂ ಉಂಟು. ಆದರೆ ಪ್ರತಿಮೆ ನಿಂತಲ್ಲೇ ನಿಲ್ಲುವುದು, ನಾಣ್ಯ ನಡೆಯುವುದು. ಅದು ಸೈನಿಕನ ಸೊಂಟದ ಚೀಲದಲ್ಲಿ ಕುಳಿತು ಗಡಿಗೆ ಹೋಗುವುದು, ವರ್ತಕನೊಡನೆ ಹಡಗು ಹತ್ತಿ ಪರದೇಶಕ್ಕೆ ತೆರಳುವುದು.

ಇಂತಹ ನಾಣ್ಯವೊಂದು ಇಂದು ನಮ್ಮ ಕೈಗೆ ಬಂದರೆ ಅದರಲ್ಲಿ ಎರಡು ಸಾಕ್ಷ್ಯಗಳಿರುತ್ತವೆ. ಅದರ ಮೇಲಿನ ಚಿತ್ರ ಮತ್ತು ಬರಹ ಒಂದು ಸಾಕ್ಷ್ಯ. ಇದು ದೊರೆ ತನ್ನ ಪ್ರಜೆಗಳು ಏನನ್ನು ನಂಬಬೇಕೆಂದು ಬಯಸಿದನೋ ಅದನ್ನು ಹೇಳುತ್ತದೆ. ಅದರ ತೂಕ ಮತ್ತು ಲೋಹದ ಶುದ್ಧಿ ಇನ್ನೊಂದು ಸಾಕ್ಷ್ಯ. ಇದು ಆ ದೊರೆಯ ಬೊಕ್ಕಸದ ನಿಜಸ್ಥಿತಿಯನ್ನು ಹೇಳುತ್ತದೆ. ಈ ಎರಡು ಸಾಕ್ಷ್ಯಗಳೂ ಕೆಲವೊಮ್ಮೆ ಒಂದಕ್ಕೊಂದು ಹೊಂದುತ್ತವೆ. ಕೆಲವೊಮ್ಮೆ ಒಂದನ್ನೊಂದು ಅಲ್ಲಗಳೆಯುತ್ತವೆ. ರೋಮಿನ ಹೊನ್ನನ್ನು ಓದುವ ಸ್ವಾರಸ್ಯವೆಲ್ಲ ಇಲ್ಲಿಯೇ ಇದೆ.

ಔರಿಯಸ್

ರೋಮನರ ಹೊನ್ನಿನ ನಾಣ್ಯಕ್ಕೆ ಔರಿಯಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಚಿನ್ನಕ್ಕೆ ‘ಔರಮ್’ ಎನ್ನುವರು. ರಸಾಯನಶಾಸ್ತ್ರದಲ್ಲಿ ಚಿನ್ನಕ್ಕೆ ‘ಎ-ಯು’ ಎಂಬ ಸಂಕೇತ ಬಂದುದೂ ಈ ಮಾತಿನಿಂದಲೇ. ಮೊದಮೊದಲು ರೋಮನರು ಹೊನ್ನಿನ ನಾಣ್ಯವನ್ನು ವಿಶೇಷ ಸಂದರ್ಭಗಳಲ್ಲಿ ಮಾತ್ರ ಹೊಡೆಯುತ್ತಿದ್ದರು. ಕ್ರಿ. ಪೂ. ೪೬ರಲ್ಲಿ ಜೂಲಿಯಸ್ ಸೀಸರನು ಅದನ್ನು ದೊಡ್ಡ ಪ್ರಮಾಣದಲ್ಲಿ ಹೊರಡಿಸಿದನು. ರೋಮನರ ಒಂದು ಪೌಂಡು ನಮ್ಮ ಸುಮಾರು ೩೨೫ ಗ್ರಾಂಗೆ ಸಮ. ಒಂದು ಪೌಂಡು ಚಿನ್ನದಿಂದ ಸೀಸರನು ೪೦ ನಾಣ್ಯಗಳನ್ನು ಹೊಡೆಸಿದನು. ಎಂದರೆ ನಾಣ್ಯವೊಂದಕ್ಕೆ ೮ ಗ್ರಾಂಗೆ ತುಸು ಮೇಲು. ವಿಜಯನಗರದ ಅರಸರ ವರಹ ಸುಮಾರು ೩.೪ ಗ್ರಾಂ ತೂಗುತ್ತಿತ್ತು. ಔರಿಯಸ್ ಅಂತಹ ಎರಡು ವರಹಗಳಿಗಿಂತ ಹೆಚ್ಚು ಭಾರ.

ಆಗಸ್ಟಸನ ಕಾಲದಲ್ಲಿ ಒಂದು ಔರಿಯಸ್‌ಗೆ ೨೫ ಬೆಳ್ಳಿಯ ಡಿನೇರಿಯಸ್‌ಗಳು. ಒಂದು ಡಿನೇರಿಯಸ್‌ಗೆ ನಾಲ್ಕು ಸೆಸ್ಟರ್ಸ್. ಕಾಲಾಳು ಸೈನಿಕನೊಬ್ಬನ ಇಡೀ ವರ್ಷದ ಸಂಬಳ ೨೨೫ ಡಿನೇರಿಯಸ್. ಅಷ್ಟನ್ನೂ ಹೊನ್ನಿನಲ್ಲಿ ಕೊಟ್ಟರೆ ಒಂಬತ್ತು ನಾಣ್ಯಗಳಲ್ಲಿ ಮುಗಿಯುತ್ತಿತ್ತು. ಆದುದರಿಂದ ಔರಿಯಸ್ ಸಂತೆಯಲ್ಲಿ ಸೊಪ್ಪು ಕೊಳ್ಳುವ ನಾಣ್ಯವಲ್ಲ. ಅದು ಸೈನಿಕರ, ಅಧಿಕಾರಿಗಳ, ದೊಡ್ಡ ವರ್ತಕರ ನಾಣ್ಯ. ದೊರೆಗೆ ಯಾರ ನಿಷ್ಠೆ ಅತ್ಯಗತ್ಯವೋ ಅವರ ಕೈಗೇ ಅದು ಸೇರುತ್ತಿತ್ತೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಇಷ್ಟು ಚಿನ್ನ ಬರುತ್ತಿದ್ದುದು ಎಲ್ಲಿಂದ? ಬಹುಭಾಗ ಸ್ಪೇನಿನ ವಾಯವ್ಯ ಮೂಲೆಯಿಂದ. ಅಲ್ಲಿಯ ಲಾಸ್ ಮೆದುಲಾಸ್ ಎಂಬಲ್ಲಿ ರೋಮನರು ಬೆಟ್ಟಗಳೊಳಗೆ ಸುರಂಗ ಕೊರೆದು, ದೂರದಿಂದ ಕಾಲುವೆಗಳಲ್ಲಿ ತಂದ ನೀರನ್ನು ಒಮ್ಮೆಲೆ ನುಗ್ಗಿಸಿ ಬೆಟ್ಟವನ್ನೇ ಕೆಡವುತ್ತಿದ್ದರು. ಕೆಡೆದ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಆಯುತ್ತಿದ್ದರು. ಸ್ಪೇನಿನಲ್ಲಿ ಅಧಿಕಾರಿಯಾಗಿದ್ದ ಪ್ಲಿನಿಯು ತನ್ನ ಗ್ರಂಥದಲ್ಲಿ ಈ ಕೆಲಸವನ್ನು ವಿವರಿಸಿದ್ದಾನೆ. ಕೆಲಸಗಾರರು ತಿಂಗಳುಗಟ್ಟಲೆ ಹಗಲಿನ ಬೆಳಕನ್ನೇ ಕಾಣದೆ ದೀಪದ ಬೆಳಕಿನಲ್ಲಿ ಅಗೆಯುತ್ತಿದ್ದರಂತೆ. ಆ ಪ್ರದೇಶಗಳು ವರ್ಷಕ್ಕೆ ೨೦,೦೦೦ ಪೌಂಡು ಚಿನ್ನ ಕೊಡುತ್ತಿದ್ದುವೆಂದು ಕೆಲವರು ಹೇಳಿದುದನ್ನೂ ಅವನು ಬರೆದಿಟ್ಟಿದ್ದಾನೆ. ಇದು ಸುಮಾರು ಆರೂವರೆ ಟನ್ನು. ಆ ಒಡೆದ ಕೆಂಪು ಬೆಟ್ಟಗಳನ್ನು ಇಂದಿಗೂ ನೋಡಬಹುದು.

ಟಂಕಸಾಲೆಯ ಕೆಲಸ

ಗಣಿಯಿಂದ ಬಂದ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತದೆ. ಅದನ್ನು ತೆಗೆಯಲು ಚಿನ್ನದ ತೆಳುವಾದ ತಗಡುಗಳನ್ನು ಉಪ್ಪು ಮತ್ತು ಇಟ್ಟಿಗೆ ಪುಡಿಯ ನಡುವೆ ಹೂತು ಬಹಳ ಹೊತ್ತು ಕಾಯಿಸುತ್ತಿದ್ದರು. ಉಪ್ಪಿನಲ್ಲಿರುವ ಕ್ಲೋರಿನ್ ಬೆಳ್ಳಿಯೊಡನೆ ಕೂಡಿಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ. ಚಿನ್ನ ಹಾಗೆಯೇ ಉಳಿಯುತ್ತದೆ. ಹೀಗೆ ಪುಟವಿಟ್ಟ ಚಿನ್ನ ನೂರಕ್ಕೆ ೯೮-೯೯ ಪಾಲು ಶುದ್ಧವಾಗಿರುತ್ತಿತ್ತು. ರಾಸಾಯನಿಕ ಕ್ರಿಯೆಯ ಹೆಸರು ತಿಳಿಯದೆಯೇ ಅವರು ಅದನ್ನು ಕೈಯಿಂದ ಕಲಿತಿದ್ದರು.

ಶುದ್ಧವಾದ ಚಿನ್ನವನ್ನು ಸರಿಯಾದ ತೂಕದ ಬಿಲ್ಲೆಗಳನ್ನಾಗಿ ಮಾಡಿ, ಎರಡು ಅಚ್ಚುಗಳ ನಡುವೆ ಇಡುವರು. ಚಕ್ರವರ್ತಿಯ ಮುಖವಿರುವ ಅಚ್ಚು ಕೆಳಗೆ, ಅಡಿಗಲ್ಲಿನಲ್ಲಿ ಭದ್ರವಾಗಿ ಕುಳಿತಿರುವುದು. ಹಿಂಬದಿಯ ಚಿತ್ರವಿರುವ ಅಚ್ಚನ್ನು ಬಿಲ್ಲೆಯ ಮೇಲೆ ಹಿಡಿದು ಸುತ್ತಿಗೆಯಿಂದ ಬಲವಾಗಿ ಹೊಡೆಯುವರು. ಅಚ್ಚಿನಲ್ಲಿ ಚಿತ್ರವನ್ನು ತಿರುವುಮುರುವಾಗಿ, ತಗ್ಗಾಗಿ ಕೆತ್ತಬೇಕು; ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮೂಗು, ಗದ್ದ, ಕೂದಲಿನ ಸುರುಳಿ, ಸುತ್ತಲೂ ಅಕ್ಷರ, ಎಲ್ಲವೂ ಬರಬೇಕು. ಇಂತಹ ನಿಪುಣರ ಹೆಸರುಗಳು ನಾಣ್ಯಗಳ ಮೇಲಿಲ್ಲ. ರೋಮ್ ನಗರದ ಹಳೆಯ ಟಂಕಸಾಲೆ ಇದ್ದುದು ಜೂನೋ ಮೊನೇಟ ಎಂಬ ದೇವಿಯ ಗುಡಿಯ ಬಳಿಯಲ್ಲಿ. ಹಣಕ್ಕೆ ಇಂಗ್ಲಿಷಿನಲ್ಲಿ ‘ಮನಿ’ ಎನ್ನುವುದೂ ಟಂಕಸಾಲೆಗೆ ‘ಮಿಂಟ್’ ಎನ್ನುವುದೂ ಆ ದೇವಿಯ ಹೆಸರಿನಿಂದ ಹುಟ್ಟಿದ ಮಾತುಗಳು.

ಮುಖದ ಪ್ರವೇಶ

ರೋಮಿನ ಟಂಕಸಾಲೆಯ ಹಳೆಯ ನಾಣ್ಯಗಳಲ್ಲಿ ದೇವತೆಗಳ ಮುಖಗಳೂ, ಗತಿಸಿದ ಹಿರಿಯರ ಮುಖಗಳೂ ಇರುತ್ತಿದ್ದುವೇ ಹೊರತು ಬದುಕಿರುವವರ ಮುಖ ಇರುತ್ತಿರಲಿಲ್ಲ. ರೋಮ್ ಆಗ ರಾಜನಿಲ್ಲದ ಗಣರಾಜ್ಯ. ಜೀವಂತ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಇಡುವುದು ಅರಸುತನದ ಗುರುತು. ಕ್ರಿ. ಪೂ. ೪೪ರ ಮೊದಲ ತಿಂಗಳುಗಳಲ್ಲಿ ಸೀಸರನ ಮುಖ ಬೆಳ್ಳಿಯ ನಾಣ್ಯಗಳ ಮೇಲೆ ಕಾಣಿಸಿಕೊಂಡಿತು. ಅದೇ ವರ್ಷ ಮಾರ್ಚ್ ೧೫ರಂದು ಅವನ ಕೊಲೆಯಾಯಿತು.

ಕೊಂದವರಲ್ಲಿ ಮುಖ್ಯನಾದ ಬ್ರೂಟಸನು ಗಣರಾಜ್ಯವನ್ನು ಉಳಿಸಲು ಹೊರಟವನು. ಪೂರ್ವದೇಶಗಳಲ್ಲಿ ಸೈನ್ಯ ಕೂಡಿಸುತ್ತಿದ್ದಾಗ ಅವನೂ ನಾಣ್ಯ ಹೊರಡಿಸಿದನು. ಅದರ ಹಿಂಬದಿಯಲ್ಲಿ ಎರಡು ಕಠಾರಿಗಳು. ನಡುವೆ, ಬಿಡುಗಡೆ ಪಡೆದ ಗುಲಾಮನು ಧರಿಸುವ ಟೋಪಿ. ಕೆಳಗೆ ಕೊಲೆಯ ದಿನಾಂಕ. ‘ಕಠಾರಿಯಿಂದ ಬಿಡುಗಡೆ ಬಂದಿತು’ ಎಂದು ಅಕ್ಷರ ಬಾರದವನೂ ಓದಬಹುದಾದ ಚಿತ್ರ ಇದು. ಮುಂಬದಿಯಲ್ಲಿ ಯಾರ ಮುಖವಿದೆ? ಬ್ರೂಟಸನದೇ! ಯಾವುದನ್ನು ಅರಸುತನದ ಗುರುತೆಂದು ಜನರು ಭಾವಿಸುತ್ತಿದ್ದರೋ ಅದನ್ನೇ ಅರಸುತನದ ವೈರಿಯೂ ಕೈಗೆತ್ತಿಕೊಂಡಿದ್ದನು. ಅಲ್ಲಿಂದ ಮುಂದೆ ರೋಮಿನ ನಾಣ್ಯ ದೊರೆಯ ಮುಖವನ್ನು ಬಿಡಲಿಲ್ಲ.

ಚಿತ್ರಗಳ ಭಾಷೆ

ಔರಿಯಸ್‌ನ ಹಿಂಬದಿಯ ಚಿತ್ರಗಳಿಗೆ ಒಂದು ವ್ಯಾಕರಣವುಂಟು. ಅದರ ಕೆಲವು ಪದಗಳನ್ನು ಕಲಿತರೆ ನೂರಾರು ನಾಣ್ಯಗಳನ್ನು ಓದಬಹುದು. ಕೈಯಲ್ಲಿ ಆಲಿವ್ ಕೊಂಬೆ ಹಿಡಿದ ಹೆಂಗಸು ಶಾಂತಿದೇವಿ. ಹಡಗಿನ ಚುಕ್ಕಾಣಿಯನ್ನೂ, ಹಣ್ಣುಹೂಗಳು ತುಂಬಿದ ಕೊಂಬನ್ನೂ ಹಿಡಿದವಳು ಭಾಗ್ಯದೇವಿ. ಬಾಳಿನ ದಿಕ್ಕನ್ನು ತಿರುಗಿಸುವವಳು ಅವಳಲ್ಲವೆ? ತಕ್ಕಡಿ ಹಿಡಿದವಳು ನ್ಯಾಯವಾದ ತೂಕದ ದೇವತೆ. ಹಾವಿಗೆ ಉಣಿಸುತ್ತಿರುವವಳು ಆರೋಗ್ಯದೇವಿ. ರೆಕ್ಕೆಗಳಿದ್ದು ಕೈಯಲ್ಲಿ ಮಾಲೆ ಹಿಡಿದವಳು ವಿಜಯದೇವಿ. ಕೂಡಿ ಹಿಡಿದ ಎರಡು ಕೈಗಳು ಸೈನ್ಯದ ನಿಷ್ಠೆಯನ್ನು ಸೂಚಿಸುತ್ತವೆ. ಆಯುಧಗಳ ರಾಶಿಯ ಕೆಳಗೆ ತಲೆಗೆ ಕೈಹಚ್ಚಿ ಕುಳಿತು ಅಳುತ್ತಿರುವ ಹೆಂಗಸು ಸೋತ ದೇಶ, ಕ್ರಿ. ಶ. ೭೦ರಲ್ಲಿ ಜೆರೂಸಲೆಮ್ ಬಿದ್ದಾಗ ವೆಸ್ಪೇಷಿಯನ್ ಚಕ್ರವರ್ತಿಯು ಜೂಡಿಯ ದೇಶವನ್ನು ಹೀಗೆಯೇ ಚಿತ್ರಿಸಿದನು.

ಸುತ್ತಲಿನ ಬರಹವೂ ಉಪಯುಕ್ತವಾದುದು. ಚಕ್ರವರ್ತಿಗೆ ಪ್ರತಿವರ್ಷವೂ ನವೀಕರಣವಾಗುತ್ತಿದ್ದ ಒಂದು ಅಧಿಕಾರವಿತ್ತು. ಅದು ಎಷ್ಟನೆಯ ಸಲ ದೊರೆತುದೆಂಬ ಸಂಖ್ಯೆಯನ್ನು ಅನೇಕ ನಾಣ್ಯಗಳಲ್ಲಿ ಕೆತ್ತುತ್ತಿದ್ದರು. ಈ ಸಂಖ್ಯೆಯಿಂದ ನಾಣ್ಯ ಹುಟ್ಟಿದ ವರ್ಷವನ್ನು ಇಂದು ಲೆಕ್ಕಹಾಕಬಹುದು. ಉತ್ಖನನದಲ್ಲಿ ಒಂದು ನೆಲಗಟ್ಟಿನ ಕೆಳಗೆ ಇಂತಹ ನಾಣ್ಯ ದೊರೆತರೆ, ಆ ನೆಲಗಟ್ಟು ಆ ವರ್ಷಕ್ಕಿಂತ ಹಳೆಯದಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಹೀಗೆ ಔರಿಯಸ್ ಮಣ್ಣಿನೊಳಗಿನ ಪಂಚಾಂಗವೂ ಹೌದು.

ಕೆಲವು ಚಿತ್ರಗಳು ಋಣ ತೀರಿಸುವಂತಹವು. ಕ್ರಿ. ಶ. ೪೧ರಲ್ಲಿ ಕಲಿಗುಲನ ಕೊಲೆಯಾದಾಗ, ಅರಮನೆಯ ಕಾವಲುಪಡೆಯವರು ಅವನ ಚಿಕ್ಕಪ್ಪ ಕ್ಲಾಡಿಯಸನನ್ನು ತಮ್ಮ ಶಿಬಿರಕ್ಕೆ ಒಯ್ದು ಚಕ್ರವರ್ತಿಯೆಂದು ಘೋಷಿಸಿದರು. ಅವನು ತಲೆಗೆ ೧೫,೦೦೦ ಸೆಸ್ಟರ್ಸ್, ಎಂದರೆ ೧೫೦ ಔರಿಯಸ್‌ನಂತೆ ಕೊಡುವೆನೆಂದು ಮಾತುಕೊಟ್ಟನೆಂದು ಸ್ವಿಟೋನಿಯಸ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಕ್ಲಾಡಿಯಸನ ಒಂದು ಔರಿಯಸ್‌ನ ಹಿಂಬದಿಯಲ್ಲಿ ಆ ಶಿಬಿರದ ಗೋಡೆ, ಬಾಗಿಲು, ಒಳಗೆ ನಿಂತ ಕಾವಲುಗಾರ. ಮೇಲೆ ‘ಚಕ್ರವರ್ತಿಯನ್ನು ಬರಮಾಡಿಕೊಂಡುದು’ ಎಂಬ ಬರಹ. ಸಿಂಹಾಸನ ಎಲ್ಲಿಂದ ಬಂದಿತೆಂಬುದನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ನಾಣ್ಯ ಅಪರೂಪ.

ತಾಯಿ ಮತ್ತು ಮಗ

ಮೂರು ಮಜಲಿನ ಒಂದು ಕಥೆಯನ್ನು ನೀರೋ ಚಕ್ರವರ್ತಿಯ ಹೊನ್ನು ಹೇಳುತ್ತದೆ. ಕ್ರಿ. ಶ. ೫೪ರಲ್ಲಿ ಪಟ್ಟಕ್ಕೆ ಬಂದಾಗ ನೀರೋಗೆ ಹದಿನಾರು ವರ್ಷ. ಪಟ್ಟ ಕಟ್ಟಿಸಿದವಳು ಅವನ ತಾಯಿ ಅಗ್ರಿಪ್ಪಿನ. ಆ ವರ್ಷದ ಔರಿಯಸ್‌ನಲ್ಲಿ ತಾಯಿ ಮಕ್ಕಳ ಮುಖಗಳು ಎದುರುಬದುರಾಗಿವೆ, ಸರಿಸಮವಾಗಿವೆ. ಮುಂಬದಿಯ ಸುತ್ತಲಿನ ಬರಹ ತಾಯಿಯದು. ಮಗನ ಹೆಸರು ಹಿಂಬದಿಗೆ ಹೋಗಿದೆ. ಮರುವರ್ಷದ ನಾಣ್ಯದಲ್ಲಿ ಇಬ್ಬರ ಮುಖಗಳೂ ಒಂದೇ ದಿಕ್ಕಿಗೆ ತಿರುಗಿವೆ. ಮಗನ ಮುಖ ಮುಂದೆ, ತಾಯಿಯ ಮುಖ ಅವನ ಹಿಂದೆ ಅರೆಮರೆಯಾಗಿ ಕಾಣುತ್ತದೆ. ಬರಹಗಳೂ ಸ್ಥಳ ಬದಲಾಯಿಸಿಕೊಂಡಿವೆ. ಆಮೇಲಿನ ರೋಮಿನ ಹೊನ್ನಿನಲ್ಲಿ ತಾಯಿ ಇಲ್ಲವೇ ಇಲ್ಲ. ಕ್ರಿ. ಶ. ೫೯ರಲ್ಲಿ ನೀರೋ ಅವಳನ್ನು ಕೊಲ್ಲಿಸಿದನು. ಅರಮನೆಯೊಳಗೆ ಅಧಿಕಾರ ಕೈಯಿಂದ ಕೈಗೆ ಜಾರಿದ ಬಗೆ, ಯಾವ ಚರಿತ್ರಕಾರನ ನೆರವೂ ಇಲ್ಲದೆ ಈ ಬಿಲ್ಲೆಗಳ ಮೇಲೆ ಮೂಡಿದೆ.

‘ಎಲ್ಲೆಲ್ಲಿಯೂ ಶಾಂತಿ’

ಎಲ್ಲ ಚಿತ್ರಗಳೂ ಇಷ್ಟು ಪ್ರಾಮಾಣಿಕವಲ್ಲ. ನೀರೋ ಸತ್ತ ಮೇಲೆ, ಕ್ರಿ. ಶ. ೬೯ರಲ್ಲಿ, ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು ರೋಮಿನಲ್ಲಿ ಆಳಿದರು. ಅವರಲ್ಲಿ ಒಬ್ಬನಾದ ಓಥೋ ಜನವರಿಯಲ್ಲಿ ಪಟ್ಟವೇರಿ, ಏಪ್ರಿಲಿನಲ್ಲಿ ಯುದ್ಧದಲ್ಲಿ ಸೋತು ಆತ್ಮಹತ್ಯೆ ಮಾಡಿಕೊಂಡನು. ಈ ಮೂರು ತಿಂಗಳುಗಳಲ್ಲಿ ಅವನು ಹೊರಡಿಸಿದ ಹೊನ್ನಿನ ಮೇಲೆ ಶಾಂತಿದೇವಿಯ ಚಿತ್ರವಿದೆ. ‘ಭೂಮಂಡಲಕ್ಕೆಲ್ಲ ಶಾಂತಿ’ ಎಂಬ ಬರಹವಿದೆ.

ಇನ್ನೂರು ವರ್ಷಗಳ ಅನಂತರದ ಗ್ಯಾಲಿಯೇನಸನ ನಾಣ್ಯ ಇದಕ್ಕಿಂತ ವಿಚಿತ್ರ. ಕ್ರಿ. ಶ. ೨೬೦ರಲ್ಲಿ ಅವನ ತಂದೆ ವಲೇರಿಯನ್ ಚಕ್ರವರ್ತಿಯು ಪಾರಸೀಕರ ದೊರೆ ಶಾಪುರನ ಕೈಗೆ ಜೀವಸಹಿತ ಸೆರೆಸಿಕ್ಕನು. ಅದೇ ವರ್ಷ ಗಾಲ್ ದೇಶ ಒಡೆದು ಬೇರೆಯಾಯಿತು. ಗಡಿಗಳಲ್ಲೆಲ್ಲ ದಾಳಿ, ಒಳಗೆ ದಂಗೆಯ ಮೇಲೆ ದಂಗೆ. ಇಂತಹ ದಶಕದಲ್ಲಿ ಗ್ಯಾಲಿಯೇನಸನು ಹೊರಡಿಸಿದ ಒಂದು ಔರಿಯಸ್‌ನ ಮೇಲೆ ವಿಜಯದೇವಿ ಎರಡು ಕುದುರೆಗಳ ರಥದಲ್ಲಿ ಸಾಗುತ್ತಿದ್ದಾಳೆ. ಸುತ್ತಲೂ ‘ಎಲ್ಲೆಲ್ಲಿಯೂ ಶಾಂತಿ’ ಎಂದು ಬರೆದಿದೆ. ಇದನ್ನು ಸುಳ್ಳು ಎನ್ನೋಣವೆ, ಹಾರೈಕೆ ಎನ್ನೋಣವೆ? ಚಿತ್ರವನ್ನು ಮಾತ್ರ ನೋಡುವವನಿಗೆ ತೀರ್ಮಾನಿಸುವುದು ಕಷ್ಟ. ಇಲ್ಲಿ ನಾವು ಎರಡನೆಯ ಸಾಕ್ಷಿಯನ್ನು ಕರೆಯಬೇಕು.

ತಕ್ಕಡಿಯ ಮಾತು

ಆ ಸಾಕ್ಷಿ ತಕ್ಕಡಿ. ಒಂದು ಪೌಂಡು ಚಿನ್ನದಿಂದ ಸೀಸರನು ೪೦ ನಾಣ್ಯ ಹೊಡೆಸಿದನೆಂದೆವು. ಆಗಸ್ಟಸನ ಔರಿಯಸ್ ಸುಮಾರು ೭.೮ ಗ್ರಾಂ ತೂಗಿತು. ಕ್ರಿ. ಶ. ೬೪ರಲ್ಲಿ ನೀರೋ ಅದೇ ಪೌಂಡಿನಿಂದ ೪೫ ನಾಣ್ಯ ತೆಗೆದನು, ತೂಕ ೭.೨ ಗ್ರಾಂಗೆ ಇಳಿಯಿತು. ಕ್ರಿ. ಶ. ೨೧೫ರಲ್ಲಿ ಕ್ಯಾರಕಲನು ೫೦ ತೆಗೆದನು, ತೂಕ ೬.೫ ಗ್ರಾಂ. ಗ್ಯಾಲಿಯೇನಸನ ಕಾಲಕ್ಕೆ ತೂಕಕ್ಕೆ ಒಂದು ನಿಯಮವೇ ಉಳಿಯಲಿಲ್ಲ. ಒಂದೊಂದು ನಾಣ್ಯ ಒಂದೊಂದು ತೂಕ. ಡಯೊಕ್ಲೀಷಿಯನನು ಪೌಂಡಿಗೆ ೬೦ರಂತೆ, ೫.೪ ಗ್ರಾಂಗೆ ಮತ್ತೆ ಒಂದು ಕಟ್ಟು ತಂದನು.

ಬೆಳ್ಳಿಯ ಪಾಡು ಇನ್ನೂ ಕೆಟ್ಟುದು. ಆಗಸ್ಟಸನ ಡಿನೇರಿಯಸ್ ಹೆಚ್ಚುಕಡಮೆ ಅಪ್ಪಟ ಬೆಳ್ಳಿ. ಕ್ರಿ. ಶ. ೨೦೦ರ ಹೊತ್ತಿಗೆ ಅದರಲ್ಲಿ ಅರ್ಧದಷ್ಟು ತಾಮ್ರ ಸೇರಿತ್ತು. ಕ್ರಿ. ಶ. ೨೭೦ರ ಸುಮಾರಿಗೆ ಬೆಳ್ಳಿಯದೆನ್ನಿಸಿಕೊಂಡ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಇರಲಿಲ್ಲ. ತಾಮ್ರಕ್ಕೆ ಬೆಳ್ಳಿಯ ಹೊಳಪು ಕೊಟ್ಟಂತಿತ್ತು. ಯುದ್ಧಗಳು ಹೆಚ್ಚಿದುವು, ಸೈನಿಕರ ಸಂಬಳ ಏರಿತು, ಲೋಹ ಮಾತ್ರ ಏರಲಿಲ್ಲ. ಇದ್ದ ಲೋಹದಿಂದಲೇ ಹೆಚ್ಚು ನಾಣ್ಯಗಳನ್ನು ಹೊಡೆಯುವುದೊಂದೇ ಉಪಾಯವಾಗಿ ತೋರಿತು. ಜನರು ಒಳ್ಳೆಯ ಹಳೆಯ ನಾಣ್ಯಗಳನ್ನು ಮಣ್ಣಿನಲ್ಲಿ ಹೂತಿಟ್ಟು, ಕೆಟ್ಟ ಹೊಸ ನಾಣ್ಯಗಳನ್ನು ಸಂತೆಗೆ ತಂದರು, ಬೆಲೆಗಳು ಏರಿದುವು. ‘ಎಲ್ಲೆಲ್ಲಿಯೂ ಶಾಂತಿ’ ಎಂದ ನಾಣ್ಯಕ್ಕೆ ತಕ್ಕಡಿ ಕೊಟ್ಟ ಉತ್ತರ ಇದು.

ಸಾಲಿಡಸ್

ಕಾನ್‌ಸ್ಟಂಟೈನನು ಕ್ರಿ. ಶ. ೩೦೯ರಿಂದ ಹೊಸದೊಂದು ಹೊನ್ನಿನ ನಾಣ್ಯವನ್ನು ಆರಂಭಿಸಿದನು. ಪೌಂಡಿಗೆ ೭೨, ತೂಕ ಸುಮಾರು ೪.೫ ಗ್ರಾಂ. ಅದರ ಹೆಸರು ಸಾಲಿಡಸ್, ಎಂದರೆ ಗಟ್ಟಿಯಾದುದು. ಈ ಹೆಸರು ಸಾರ್ಥಕವಾಯಿತು. ಪಶ್ಚಿಮದಲ್ಲಿ ರೋಮ್ ಬಿದ್ದುಹೋದ ಮೇಲೂ ಪೂರ್ವದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿನಲ್ಲಿ ಇದೇ ತೂಕದ, ಇದೇ ಶುದ್ಧಿಯ ನಾಣ್ಯ ಹನ್ನೊಂದನೆಯ ಶತಮಾನದವರೆಗೆ, ಸುಮಾರು ಏಳು ನೂರು ವರ್ಷ, ನಡೆದುಬಂದಿತು. ಸೈನಿಕನಿಗೆ ಇಂಗ್ಲಿಷಿನಲ್ಲಿ ‘ಸೋಲ್ಜರ್’ ಎಂಬ ಹೆಸರು ಬಂದುದೂ, ಅವನು ಸಂಬಳವಾಗಿ ಪಡೆಯುತ್ತಿದ್ದ ಈ ನಾಣ್ಯದ ಹೆಸರಿನಿಂದಲೇ.

ತೂಕ ನಿಂತಿತು, ಚಿತ್ರಗಳು ಮಾತ್ರ ಬದಲಾದುವು. ಆರಂಭದಲ್ಲಿ ಕಾನ್‌ಸ್ಟಂಟೈನನ ನಾಣ್ಯಗಳಲ್ಲಿ ಸೂರ್ಯದೇವನು ಚಕ್ರವರ್ತಿಯ ಸಂಗಾತಿ. ಸುಮಾರು ೩೨೫ರ ಅನಂತರ ಅವನು ಮರೆಯಾದನು. ಮೊದಲು ಪಕ್ಕಕ್ಕೆ ತಿರುಗಿರುತ್ತಿದ್ದ ಚಕ್ರವರ್ತಿಯ ಮುಖ ಮುಂದಿನ ಶತಮಾನಗಳಲ್ಲಿ ನಮ್ಮತ್ತ ನೇರವಾಗಿ ನೋಡತೊಡಗಿತು. ಅದು ಒಬ್ಬ ವ್ಯಕ್ತಿಯ ಮುಖವಾಗಿರದೆ ಅಧಿಕಾರದ ಮುಖವಾಯಿತು. ಹೆಣ್ಣಾಗಿದ್ದ ವಿಜಯದೇವಿಯನ್ನು ಜಸ್ಟಿನನ (ಕ್ರಿ. ಶ. ೫೧೮-೫೨೭) ಕಾಲದಲ್ಲಿ ಶಿಲುಬೆ ಹಿಡಿದ ಗಂಡು ದೇವದೂತನನ್ನಾಗಿ ಮಾಡಿದರು, ರೆಕ್ಕೆಗಳು ಮಾತ್ರ ಹಾಗೆಯೇ ಉಳಿದುವು. ಎರಡನೆಯ ಜಸ್ಟಿನಿಯನನು ತನ್ನ ಮೊದಲ ಆಳ್ವಿಕೆಯಲ್ಲಿ (ಕ್ರಿ. ಶ. ೬೮೫-೬೯೫) ನಾಣ್ಯದ ಮುಂಬದಿಯಲ್ಲಿ ಕ್ರಿಸ್ತನ ಮುಖವನ್ನಿಟ್ಟು, ತಾನು ಹಿಂಬದಿಗೆ ಸರಿದನು. ಅದೇ ಸುಮಾರಿನಲ್ಲಿ, ಕ್ರಿ. ಶ. ೬೯೬-೯೭ರಲ್ಲಿ, ಡಮಾಸ್ಕಸಿನ ಖಲೀಫ ಅಬ್ದ್ ಅಲ್-ಮಲಿಕನು ತನ್ನ ಹೊನ್ನಿನ ದೀನಾರಿನಿಂದ ಎಲ್ಲ ಚಿತ್ರಗಳನ್ನೂ ತೆಗೆದು, ಅಕ್ಷರಗಳನ್ನು ಮಾತ್ರ ಉಳಿಸಿದನು.

ನಮ್ಮ ನಾಡಿಗೆ ಬಂದ ಹೊನ್ನು

ಮಾನ್ಸೂನ್ ಗಾಳಿಯನ್ನು ಹಿಡಿದು ಈಜಿಪ್ಟಿನಿಂದ ಹೊರಟ ಹಡಗುಗಳು ಭಾರತದ ಪಶ್ಚಿಮ ತೀರಕ್ಕೆ ಬಂದು, ಮೆಣಸು, ಮುತ್ತು, ನವುರಾದ ಬಟ್ಟೆಗಳನ್ನು ಕೊಂಡೊಯ್ಯುತ್ತಿದ್ದುವು. ಭಾರತವು ರೋಮಿನಿಂದ ವರ್ಷಕ್ಕೆ ೫ ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿಯು ಗೊಣಗಿದ್ದಾನೆ. ಅದು ೫ ಲಕ್ಷ ಔರಿಯಸ್‌ಗಳ ಬೆಲೆ. ಅಷ್ಟೂ ಹೊನ್ನಿನಲ್ಲಿಯೇ ಬಂದಿತೆಂದು ಭಾವಿಸಿದರೆ ವರ್ಷಕ್ಕೆ ಸುಮಾರು ೩,೬೦೦ ಕಿಲೋಗ್ರಾಂ. ಬೆಳ್ಳಿಯೂ ಸರಕೂ ಸಾಕಷ್ಟು ಬರುತ್ತಿದ್ದುದರಿಂದ ಹೊನ್ನಿನ ಪಾಲು ಇದಕ್ಕಿಂತ ಕಡಮೆಯೇ. ಕರ್ನಾಟಕದಲ್ಲಿಯೂ ಈ ವ್ಯಾಪಾರದ ಕುರುಹುಗಳಿವೆ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಡಿನೇರಿಯಸ್‌ಗಳ ನಿಧಿಯೊಂದು ಸಿಕ್ಕಿತು. ೧೯೪೭ರಲ್ಲಿ ವೀಲರ್ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಯಿಸಿದಾಗ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯ ದೊರೆಯಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಹೊನ್ನಿನ ಸಾಲಿಡಸ್‌ಗಳಿದ್ದುವು.

ನಮ್ಮ ವರ್ತಕರು ಈ ನಾಣ್ಯಗಳನ್ನು ಹೇಗೆ ಓದಿದರು? ಭಾರತದಲ್ಲಿ ದೊರೆತ ಡಿನೇರಿಯಸ್‌ಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸರವು. ನೀರೋ ತೂಕ ಇಳಿಸುವುದಕ್ಕೆ ಮೊದಲಿನವು. ಲ್ಯಾಟಿನ್ ಅಕ್ಷರ ಬಾರದಿದ್ದರೂ ಲೋಹದ ಬೆಲೆ ಇಲ್ಲಿಯವರಿಗೆ ಚೆನ್ನಾಗಿ ತಿಳಿದಿತ್ತೆಂದು ಅನೇಕ ವಿದ್ವಾಂಸರು ಇದರಿಂದ ಊಹಿಸಿದ್ದಾರೆ. ೧೮೯೮ರಲ್ಲಿ ಪುದುಕ್ಕೋಟೆ ಸಂಸ್ಥಾನದಲ್ಲಿ ೫೦೧ ಔರಿಯಸ್‌ಗಳ ನಿಧಿ ದೊರೆಯಿತು. ಅವುಗಳಲ್ಲಿ ನೂರಕ್ಕೆ ತೊಂಬತ್ತ‌ಕ್ಕೂ ಹೆಚ್ಚಿನವುಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಆಳವಾಗಿ ಕಡಿದ ಗಾಯವಿದೆ! ಒಳಗೆ ಬೇರೆ ಲೋಹವಿದೆಯೇ ಎಂದು ಪರೀಕ್ಷಿಸಲು ಹೀಗೆ ಮಾಡಿದರೆಂದು ಕೆಲವರ ಮತ. ಪರದೇಶದ ದೊರೆಯ ಮುಖವನ್ನು ಅಳಿಸಿ, ಅದು ಇಲ್ಲಿ ನಾಣ್ಯವಲ್ಲ, ಬರಿಯ ಚಿನ್ನವೆಂದು ಸಾರಲು ಮಾಡಿದರೆಂದು ಇನ್ನು ಕೆಲವರ ಮತ. ಎರಡರಲ್ಲಿ ಯಾವುದಾದರೂ ಒಂದು ಮಾತು ನಿಜ: ಕಡಿದವರು ಚಿತ್ರಕ್ಕೆ ಬೆಲೆ ಕೊಡಲಿಲ್ಲ, ಲೋಹಕ್ಕೆ ಕೊಟ್ಟರು.

ಇದಕ್ಕೆ ವಿರುದ್ಧವಾದುದೂ ಉಂಟು. ದಕ್ಷಿಣ ಭಾರತದಲ್ಲಿ ದೊರೆತ ಅನೇಕ ಸಾಲಿಡಸ್‌ಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಮುಖ ನೆಟ್ಟಗೆ ಕಾಣಲೆಂದು ಹೀಗೆ ಕೊರೆದುದು. ಹಳೆಯ ಕಾಸಿನ ಸರಗಳನ್ನು ಕಂಡವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕೆಲವು ನಾಣ್ಯಗಳನ್ನು ನಮ್ಮ ಅಕ್ಕಸಾಲಿಗಳೇ ಅನುಕರಿಸಿ ಮಾಡಿದ್ದಾರೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿವೆ, ಮುಖ ಮಾತ್ರ ಗಂಭೀರವಾಗಿ ಕುಳಿತಿದೆ. ಗುಪ್ತರ ಶಾಸನಗಳಲ್ಲಿ ಹೊನ್ನಿನ ನಾಣ್ಯಕ್ಕೆ ಬರುವ ‘ದೀನಾರ’ ಎಂಬ ಹೆಸರು ಡಿನೇರಿಯಸ್ ಎಂಬುದರ ರೂಪಾಂತರ.

ಆರನೆಯ ಶತಮಾನದ ಕಾಸ್ಮಸ್ ಎಂಬ ವರ್ತಕನು ಒಂದು ಕಥೆ ಹೇಳಿದ್ದಾನೆ. ಸಿಂಹಳದ ದೊರೆಯ ಆಸ್ಥಾನದಲ್ಲಿ ಒಬ್ಬ ರೋಮನನಿಗೂ ಒಬ್ಬ ಪಾರಸೀಕನಿಗೂ, ಯಾರ ಅರಸ ಹೆಚ್ಚಿನವನೆಂದು ವಾದ ಬಂದಿತು. ರೋಮನು ಇಬ್ಬರ ನಾಣ್ಯಗಳನ್ನೂ ನೋಡಬೇಕೆಂದನು. ಒಂದು ಹೊಳೆಯುವ ಹೊನ್ನು, ಇನ್ನೊಂದು ಬೆಳ್ಳಿ. ದೊರೆ ಎರಡನ್ನೂ ತಿರುವಿ ನೋಡಿ ರೋಮನ ಕಡೆಗೆ ತೀರ್ಪು ಕೊಟ್ಟನಂತೆ. ಹೇಳಿದವನು ರೋಮಿನ ಕಡೆಯವನೆಂಬುದನ್ನು ಮರೆಯಬಾರದು. ಆದರೂ ನಾಣ್ಯವೇ ರಾಯಭಾರಿಯಾಗಿದ್ದ ಕಾಲದ ನೆನಪು ಇದರಲ್ಲಿದೆ.

ಇಂದಿನ ಪರೀಕ್ಷೆ

ಇಂದು ಈ ನಾಣ್ಯಗಳನ್ನು ಉಳಿಯಿಂದ ಕಡಿಯಬೇಕಾಗಿಲ್ಲ. ಆರ್ಕಿಮಿಡೀಸನ ತತ್ತ್ವವನ್ನು ಕಲಿತ ವಿದ್ಯಾರ್ಥಿಗೂ ಒಂದು ಪರೀಕ್ಷೆ ತಿಳಿದಿರುತ್ತದೆ. ಚಿನ್ನದ ಸಾಂದ್ರತೆ ನೀರಿನ ೧೯.೩ರಷ್ಟು; ಬೆಳ್ಳಿಯದು ೧೦.೫ರಷ್ಟು. ೭.೮ ಗ್ರಾಂನ ಶುದ್ಧ ಚಿನ್ನದ ನಾಣ್ಯವನ್ನು ನೀರಿನಲ್ಲಿ ತೂಗಿದರೆ ಅದರ ತೂಕ ೦.೪೦ ಗ್ರಾಂ ಕಡಮೆಯಾಗುತ್ತದೆ. ತೂಕದಲ್ಲಿ ಅರ್ಧ ಬೆಳ್ಳಿ ಬೆರೆತಿದ್ದರೆ ೦.೫೭ ಗ್ರಾಂ ಕಡಮೆಯಾಗುತ್ತದೆ. ಕ್ಷ-ಕಿರಣಗಳನ್ನು ಬಿಟ್ಟು, ಲೋಹ ಮರಳಿ ಸೂಸುವ ಕಿರಣಗಳಿಂದ ಯಾವ ಯಾವ ಧಾತುಗಳಿವೆಯೆಂದು ತಿಳಿಯುವ ವಿಧಾನವೂ ಇದೆ; ಆದರೆ ಅದು ಮೇಲ್ಪದರವನ್ನು ಮಾತ್ರ ಓದುವುದರಿಂದ ನೀರಿನ ಪರೀಕ್ಷೆಗೆ ಇನ್ನೂ ಬೆಲೆಯಿದೆ. ಒಂದೇ ಅಚ್ಚಿನ ಬಿರುಕು ಎರಡು ನಾಣ್ಯಗಳಲ್ಲಿ ಕಂಡರೆ ಅವೆರಡೂ ಒಂದೇ ಅಚ್ಚಿನ ಮಕ್ಕಳೆಂದು ಗೊತ್ತಾಗುತ್ತದೆ. ಅಚ್ಚುಗಳನ್ನು ಎಣಿಸಿ ಎಷ್ಟು ನಾಣ್ಯ ಹೊಡೆದಿರಬಹುದೆಂದು ಅಂದಾಜು ಮಾಡುವರು.

ವಿಜ್ಞಾನಕ್ಕೂ ಎಲ್ಲ ವ್ಯಾಜ್ಯಗಳೂ ತೀರಿಲ್ಲ. ೧೭೧೩ರಲ್ಲಿ ಟ್ರಾನ್ಸಿಲ್ವೇನಿಯದಲ್ಲಿ ದೊರೆತ ಕೆಲವು ಹೊನ್ನಿನ ನಾಣ್ಯಗಳ ಮೇಲೆ ಸ್ಪಾನ್ಸಿಯನ್ ಎಂಬ ದೊರೆಯ ಹೆಸರಿದೆ. ಇತಿಹಾಸದ ಯಾವ ಗ್ರಂಥದಲ್ಲಿಯೂ ಅವನಿಲ್ಲ; ಆದುದರಿಂದ ಅವನ್ನು ಕೂಟ ನಾಣ್ಯಗಳೆಂದು ತಳ್ಳಿಹಾಕಿದ್ದರು. ೨೦೨೨ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೈಯಿಂದ ಕೈಗೆ ಸಾಗಿ ಸವೆದ ಗುರುತುಗಳೂ, ಬಹುಕಾಲ ಹೂತಿದ್ದ ಮಣ್ಣಿನ ಕುರುಹೂ ಇವೆಯೆಂದು ಪ್ರಕಟಿಸಿದರು. ಅನೇಕ ನಾಣ್ಯತಜ್ಞರು ಇದನ್ನು ಒಪ್ಪಿಲ್ಲ.

ವಿಜ್ಞಾನಕ್ಕಿಂತ ಬಲವಾದ ಶತ್ರು ಲೋಭ. ಬ್ರೂಟಸನ ಕಠಾರಿಯ ನಾಣ್ಯ ಹೊನ್ನಿನಲ್ಲಿ ದೊರೆತಿರುವುದು ಬಹಳ ವಿರಳ. ಅಂತಹ ಒಂದು ೨೦೨೦ರಲ್ಲಿ ಲಂಡನ್ನಿನ ಹರಾಜಿನಲ್ಲಿ ೩೨ ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅದು ಕಳ್ಳದಾರಿಯಿಂದ ಬಂದುದೆಂದು ಅನಂತರ ತಿಳಿದುಬಂದು, ೨೦೨೩ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಮರಳಿಸಲಾಯಿತು. ನಾಣ್ಯವೇನೋ ಮರಳಿತು, ಯಾವ ಮಡಕೆಯಲ್ಲಿ, ಯಾವ ನೆಲದಲ್ಲಿ, ಯಾವ ನಾಣ್ಯಗಳ ಜೊತೆಯಲ್ಲಿ ಅದು ಇತ್ತೆಂಬ ಸಾಕ್ಷ್ಯ ಮರಳುವುದು ಕಷ್ಟ.

ನಮ್ಮ ಹೊಲಗಳಲ್ಲಿ ಇಂತಹ ಹೊನ್ನು ಸಿಕ್ಕಿದಾಗ ಎಷ್ಟೋ ಸಲ ಅದು ಕುಲುಮೆಗೆ ಹೋಗಿದೆ. ನಿಧಿ ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ ೧೮೭೮ರಿಂದಲೂ ಉಂಟು. ನಮ್ಮ ತರುಣ ಓದುಗರು ಎಲ್ಲಿಯಾದರೂ ನೇಗಿಲ ಸಾಲಿನಲ್ಲಿ ಹಳೆಯ ನಾಣ್ಯವೊಂದನ್ನು ಕಂಡರೆ, ಹುಣಿಸೆಹಣ್ಣು ಹಚ್ಚಿ ಉಜ್ಜದೆ, ಸಿಕ್ಕ ಜಾಗವನ್ನು ಗುರುತಿಟ್ಟುಕೊಂಡು ತಿಳಿದವರಿಗೆ ತಿಳಿಸಬೇಕು. ಕರಗಿಸಿದ ಔರಿಯಸ್‌ನಲ್ಲಿಯೂ ಏಳೆಂಟು ಗ್ರಾಂ ಚಿನ್ನ ಉಳಿಯುವುದು ನಿಜ. ಆದರೆ ದೊರೆ ಏನು ಹೇಳಿದನು, ತಕ್ಕಡಿ ಏನು ಉತ್ತರ ಕೊಟ್ಟಿತು ಎಂಬ ಎರಡು ಸಾವಿರ ವರ್ಷಗಳ ಸಂವಾದ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತದೆ.